ತಿರುಗಿ ಹೇಳದ ಬಣ್ಣ

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಕೆಂಪು ಕಮಾನಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಆ ದಿನದ ಡೈರಿಯಲ್ಲಿ ಹೀಗೆಯೇ ಬರೆದಿದ್ದೇನೆ. ಈಗ ಓದಿದರೆ ಒಂದೇ ವಾಕ್ಯದಲ್ಲಿ ಎರಡು ಸುಳ್ಳು ಕಾಣುತ್ತವೆ. ಅಲ್ಲಿ ಕಮಾನೂ ಇಲ್ಲ, ಕೆಂಪೂ ಇಲ್ಲ. ಹಳೆ ಬಾಗಲಕೋಟೆಯಲ್ಲಿ ಹೊಳೆಗೆ ಇಳಿಯುವ ಓಣಿಯೊಂದರ ಬಾಯಿಗೆ ಕೆಂಪು ಕಮಾನಿತ್ತು. ಅಣೆಕಟ್ಟಿನ ಹಿನ್ನೀರು ಬಂದಾಗ ಓಣಿಯ ಸಂಗಡ ಅದೂ ಮುಳುಗಿತು. ಅದರ ಪಕ್ಕದಲ್ಲಿ ಚಹಾ ಮಾರುತ್ತಿದ್ದವರು ನವನಗರಕ್ಕೆ ಬಂದು ಅದೇ ಹೆಸರಿನಲ್ಲಿ ಅಂಗಡಿ ಹಾಕಿದರು. ಬೋರ್ಡು ಹಸಿರು ಬಣ್ಣದ್ದು. ಆಟೋದವರಿಗೆ ಸೆಕ್ಟರ್ ನಂಬರ್ ಹೇಳಿದರೆ ಎರಡು ಸಲ ಕೇಳುತ್ತಾರೆ. 'ಕೆಂಪು ಕಮಾನು' ಎಂದರೆ ನೇರ ಇಲ್ಲಿಗೆ ತಂದು ಬಿಡುತ್ತಾರೆ.

ಫೋನ್ ಮಾಡಿದವಳು ಕಾಕಾನ ಮಗಳು ನೀಲವ್ವ. ಇಪ್ಪತ್ತು ವರ್ಷಗಳಿಂದ ಅವಳ ದನಿ ಕೇಳಿರಲಿಲ್ಲ.

"ಅಪ್ಪ ಹೋದ್ರಿ. ಮಣ್ಣು ಆಗಿ ಎಂಟ ದಿನಾತು. ಅವನ ಡಬ್ಬ್ಯಾಗ ನಿಮ್ಮ ಹೆಸರಿಂದು ಒಂದು ಚೀಟಿ ಐತಿ. ಬಂದು ನೋಡ್ತೀರೋ, ಹೊಳ್ಯಾಗ ಬಿಟ್ಟುಬಿಡ್ಲೋ?"

ಬರುತ್ತೇನೆ ಎಂದೆ.

ಕಾಕಾ ನನಗೆ ಸಂಬಂಧಿಕರಲ್ಲ. ಬಿ.ಎ. ಮುಗಿಸಿ, ಧಾರವಾಡದಲ್ಲಿ ಎಂ.ಎ. ಸೀಟಿಗೆ ಕಾಯುತ್ತಿದ್ದ ಒಂದು ವರ್ಷ ನಮ್ಮೂರು ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ನಾನು ಚೀಟಿ ಬರೆಯುತ್ತಿದ್ದೆ. ಅಂಗಡಿಯ ಹಿತ್ತಲಲ್ಲೇ ನೂಲಿಗೆ ಬಣ್ಣ ಹಾಕಿ ನೇಕಾರರಿಗೆ ಕೊಡುತ್ತಿದ್ದರು. ಪ್ರತಿ ಬಣ್ಣಕ್ಕೂ ಒಂದು ಹೆಸರು, ಸುತ್ತಿ ಕಟ್ಟಿದ ಪ್ರತಿ ನೂಲಿನ ಲಡಿಗೂ ಹೆಸರು ಬರೆದ ಒಂದು ಚೀಟಿ. ಬಣ್ಣ ಹಾಕುವುದೂ ಹೆಸರಿಡುವುದೂ ಕಾಕಾನ ಕೆಲಸ, ಬರೆಯುವುದು ನನ್ನದು. ಕಾಕಾನ ಅಕ್ಷರ ಕಾಕಾನಿಗೇ ತಿಳಿಯುತ್ತಿರಲಿಲ್ಲ. ಒತ್ತು, ಕೊಂಬು, ದೀರ್ಘ ಎಲ್ಲ ಒಂದರ ಮೇಲೊಂದು ಬಿದ್ದು ಸಿಕ್ಕಾದ ನೂಲಿನ ಹಾಗಿರುತ್ತಿತ್ತು. ಎರಡು ತಿಂಗಳಲ್ಲಿ ಅದನ್ನು ಓದಲು ಕಲಿತವಳು ನಾನೊಬ್ಬಳೇ.

ಅಲ್ಲೊಂದು ರೂಢಿಯಿತ್ತು. ಕಾಕಾ ಲಡಿಯನ್ನು ನೇಕಾರರ ಕೈಗೆ ಕೊಡುವಾಗ ಬಣ್ಣದ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಪಡೆದವರು ಅದನ್ನು ತಿರುಗಿ ಹೇಳಬೇಕು. ಹೇಳದೆ ಒಯ್ಯುವಂತಿಲ್ಲ. ಮಗ್ಗದ ಕೋಣೆಗಳು ಕತ್ತಲೆ. ಬೇರೆ ಬೇರೆ ದಿನ ಹಾಕಿದ ಎರಡು ಕೆಂಪು ಒಂದೇ ಸೀರೆಯಲ್ಲಿ ಸೇರಿಹೋದರೆ ಬಿಸಿಲಿಗೆ ಬಂದ ಮೇಲೇ ಗೊತ್ತಾಗುವುದು. ಅದಕ್ಕಾಗಿ ಈ ರೂಢಿ ಎಂದು ನಾನು ಅಂದುಕೊಂಡಿದ್ದೆ. ಕಾಕಾ ಹೇಳುವ ಕಾರಣ ಬೇರೆ: "ತಿರುಗಿ ಹೇಳದ ಬಣ್ಣ ನಿಲ್ಲೂದಿಲ್ಲ ತಂಗಿ. ಒಬ್ಬರ ಬಾಯಾಗ ಇದ್ರ ಅದು ಗಾಳಿ. ಇಬ್ಬರ ಬಾಯಾಗ ಬಂದ್ರ ಖರೆ."

ದಾಳಿಂಬೆ, ಗಿಳಿಹಸಿರು, ನವಿಲುಗರಿ ಎಂಬ ಹಳೆಯ ಬಣ್ಣಗಳಿಗೆ ಕಾಕಾನ ಅಗತ್ಯವಿರಲಿಲ್ಲ. ಜನ ಬರುತ್ತಿದ್ದದ್ದು ಹೊಸದಕ್ಕೆ. ಹುನಗುಂದದ ಕಡೆಯ ಒಬ್ಬ ಹೆಂಗಸು ಪತ್ರಿಕೆಯ ಪುರವಣಿಯಿಂದ ಹರಿದ ಚಿತ್ರವನ್ನು ಹಿಡಿದು ಬಂದಿದ್ದಳು.

"ಮೊನ್ನಿ ಪಿಚ್ಚರ್‌ನಾಗ ಹೀರೋಯಿನ್ನು ಮಳ್ಯಾಗ ಕುಣಿಯೂ ಮುಂದ ಉಟ್ಟಿದ್ಲಲ್ರಿ, ಆ ಬಣ್ಣ ಬೇಕ್ರಿ."

"ಅಕ್ಕಾ, ಆಕಿ ಸೀರಿ ತೊಯ್ದಿತ್ತು. ಒಣಗಿದ್ರ ಬ್ಯಾರೇನ ಕಾಣ್ತೈತಿ. ನಿಮಗ ತೊಯ್ದ ಬಣ್ಣ ಬೇಕೋ ಒಣಗಿದ್ದು ಬೇಕೋ?" ಎಂದು ಕಾಕಾ ಕೇಳಿದರು.

"ತೊಯ್ದದ್ದ ಕೊಡ್ರಿ. ಹೆಂಗೂ ನಮ್ಮೂರಾಗ ಮಳಿ ಇಲ್ಲ."

ಆ ಬಣ್ಣ 'ಮಳಿ ಹಸಿರು' ಆಯಿತು. ಒಂದು ಧಾರಾವಾಹಿಯಲ್ಲಿ ಸೊಸೆಗೆ ಕಾಟ ಕೊಡುವ ಅತ್ತೆ ಯಾವಾಗಲೂ ನೇರಳೆ ಉಡುತ್ತಿದ್ದಳು. ಕಾಕಾ 'ಅತ್ತಿ ನೇರಳೆ' ಎಂದು ಹೆಸರಿಟ್ಟರು. ಆ ದೀಪಾವಳಿಗೆ ಹೆಚ್ಚು ಹೋದದ್ದು ಅದೇ. ಕೊಂಡವರೆಲ್ಲ ಸೊಸೆಯಂದಿರು. "ಅತ್ತಿಗಿ ಒಯ್ಯಾಕತ್ತೇನ್ರಿ" ಎಂದು ಅವರು ನಗದೆ ಹೇಳುವಾಗ ನಗು ತಡೆಯುವುದು ನಮಗೆ ಕಷ್ಟವಾಗುತ್ತಿತ್ತು.

ಇಷ್ಟೇ ಆಗಿದ್ದರೆ ಕಾಕಾನನ್ನು ನಗುತ್ತ ನೆನೆಯಬಹುದಿತ್ತು.

ಅವರ ಎರಡೂ ಅಂಗೈಗಳು ನೀಲಿ. ಐವತ್ತು ವರ್ಷ ಬಣ್ಣದ ಹಂಡೆಯಲ್ಲಿ ಅದ್ದಿದ ಕೈಗಳು. ಯಾವ ಸಾಬೂನಿಗೂ ಹೋಗದ, ಕಪ್ಪಿಗೆ ಹತ್ತಿರದ ನೀಲಿ. ಬೆಳಿಗ್ಗೆ ಆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಾಗ ಮೋಡದಲ್ಲಿ ಏನೋ ತೇಲುತ್ತಿರುವಂತೆ ಕಾಣುತ್ತಿತ್ತು. ಹೆಂಡತಿ ಇಲ್ಲದ ಮನೆಯಲ್ಲಿ ತಾವೇ ಬಡಿಯುತ್ತಿದ್ದ ರೊಟ್ಟಿಯ ಮೇಲೆ ನೀಲಿ ಬೆರಳುಗಳಿರುತ್ತವೆ ಎಂದು ನೇಕಾರರು ಚೇಷ್ಟೆ ಮಾಡುತ್ತಿದ್ದರು. ಮಗಳಿಗೆ ನೀಲವ್ವ ಎಂದು ಹೆಸರಿಟ್ಟದ್ದು ಇದಕ್ಕೇ ಏನು ಎಂದು ಒಮ್ಮೆ ಕೇಳಿದೆ. "ಮನಷ್ಯಾರಿಗಿ ಬಣ್ಣದ ಹೆಸರ ಇಡಬೌದು ತಂಗಿ. ಬಣ್ಣಕ್ಕ ಮನಷ್ಯಾರ ಹೆಸರ ಇಡಬಾರದು," ಎಂದರು.

ಊರುಗಳಲ್ಲಿ ಬಣ್ಣದಿಂದಲೇ ಕರೆಯುವ ಜಾಗಗಳಿರುತ್ತವೆ. ಅವುಗಳ ಮೇಲೆ ಕಾಕಾನಿಗೆ ಒಂದು ಬಗೆಯ ಹಸಿವಿತ್ತು. ಯಾರೋ ಮಾತಿನ ನಡುವೆ ಕರಿ ಬಾವಿ, ನೀಲಿ ಬಂಗ್ಲೆ ಎಂದರೆ ಸಾಕು, ಎಲ್ಲಿ, ಯಾವ ಓಣಿ, ಈಗ ಹೇಗಿದೆ ಎಂದು ಕೇಳುತ್ತಿದ್ದರು. ಮುಂದಿನ ಗುರುವಾರ ಬಸ್ಸು ಹತ್ತಿ ಹೋಗುತ್ತಿದ್ದರು. ಜೇಬಿನಲ್ಲಿ ಬಣ್ಣ ಹಾಕಿದ ಹತ್ತಾರು ಎಳೆಗಳು. ಹತ್ತು ಗಂಟೆಯ ಬಿಸಿಲಿಗೆ ಒಂದೊಂದೇ ಎಳೆಯನ್ನು ಗೋಡೆಗೆ ಹಚ್ಚಿ, ಎಡಗಣ್ಣು ಮುಚ್ಚಿ, ಉಸಿರು ಹಿಡಿದು ನೋಡುವುದು. ಹೊಂದದಿದ್ದರೆ ಊರಿಗೆ ಬಂದು ಮತ್ತೆ ಬಣ್ಣ ಬೆರೆಸಿ ಮುಂದಿನ ವಾರ ಮತ್ತೆ ಹೋಗುವುದು. ಎಳೆ ಗೋಡೆಯಲ್ಲಿ ಕಾಣದಷ್ಟು ಹೊಂದಿದಾಗ ಒಂದೇ ಮಾತು: "ಬಂತು."

ಎಲ್ಲಿಂದ ಬಂತು ಎಂದು ನಾನು ಆಗ ಕೇಳಲಿಲ್ಲ.

ಹುನಗುಂದದ ಹಳದಿ ಟಾಕೀಸಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆ ಟಾಕೀಸಿಗೆ ದೇವರ ಹೆಸರೊಂದಿತ್ತು, ಯಾರೂ ಬಳಸುತ್ತಿರಲಿಲ್ಲ. ಗೋಡೆ ಅರಿಸಿನದಂತೆ ಹಳದಿ, ಅದಕ್ಕೇ ಹಳದಿ ಟಾಕೀಸು. ಕಾಕಾ ಟಿಕೆಟ್ ಕಿಟಕಿಯ ಪಕ್ಕ ಎಳೆ ಹಚ್ಚಿದರು. ಮೂರನೆಯ ಎಳೆಗೆ "ಬಂತು" ಎಂದರು. "ಹಳದಿ ಟಾಕೀಸು" ಎಂದು ಹೆಸರು ಹೇಳಿದರು. ನಾನು ತಿರುಗಿ ಹೇಳಿದೆ. ಅವರು ಎಳೆ ತೆಗೆದಾಗ, ಅದು ಇದ್ದ ಜಾಗದಲ್ಲಿ ಗೋಡೆಯ ಮೇಲೆ ಕೂದಲಿನಷ್ಟು ಸಪೂರದ ಬಿಳಿ ಗೆರೆಯೊಂದು ನನಗೆ ಕಂಡಿತು.

ಕಂಡಿತೇ? ಮೊನ್ನೆ ಆ ದಿನದ ಡೈರಿ ತೆಗೆದು ನೋಡಿದೆ. 'ಕಾಕಾನ ಸಂಗಡ ಹುನಗುಂದ. ಬಿಸಿಲು ಜೋರು. ಗಿರಮಿಟ್ ತಿಂದೆವು, ಖಾರ ಹೆಚ್ಚು' ಎಂದಷ್ಟೇ ಇದೆ. ಬಿಳಿ ಗೆರೆಯ ಮಾತೇ ಇಲ್ಲ. ಗಿರಮಿಟ್ಟಿನ ಖಾರ ಬರೆದವಳು ಗೋಡೆಯ ಬಣ್ಣ ಕಿತ್ತುಬಂದದ್ದನ್ನು ಬಿಟ್ಟಿರುತ್ತಾಳೆಯೇ? ಆ ಗೆರೆಯನ್ನು ಯಾವಾಗ, ಯಾರ ಮಾತು ಕೇಳಿ ಎಳೆದುಕೊಂಡೆನೋ ತಿಳಿಯದು.

ಎರಡು ತಿಂಗಳಿಗೆ ಟಾಕೀಸು ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಗೊಬ್ಬರದ ಗೋದಾಮು ಮಾಡಿದರು. ಅದು ಡೈರಿಯಲ್ಲಿದೆ. ಅದೇ ವರ್ಷ ಕಾಕಾ ಕೆಂಪು ಕಮಾನಿನಿಂದ ಎಳೆ ತಂದರು, ನೀರು ಬಂತು. ಅದೂ ಇದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಮಾನಿನ ತಲೆ ಮೇಲೆ ಕಂಡಿತ್ತಂತೆ. ನೋಡಿ ಬಂದ ನೇಕಾರನೊಬ್ಬ ಅಂಗಡಿಯ ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿ ಹೇಳಿದ: "ಕೆಂಪ ಒಂದ್ ಚೂರೂ ಇಲ್ಲಲೇ. ಎಲುಬು ಆದಂಗ ಆಗೈತಿ."

"ನೀರಾಗಿದ್ರ ಬಣ್ಣ ಹೋಗೂದಿಲ್ಲೇನೋ?" ಎಂದ ಇನ್ನೊಬ್ಬ.

"ಹೋಗ್ತೈತಿ. ಆದ್ರ ಮುದುಕ ಮೊದಲ ಯಾಕ ಹೋಗಿ ಬರ್ತಾನ?"

ಆಮೇಲೆ ಕಾಕಾ ಹೆಸರಿಟ್ಟ ಲಡಿಗಳನ್ನು ಮನೆಗೆ ಒಯ್ಯಲು ಕೆಲವರು ಹಿಂಜರಿದರು. ತಿರುಗಿ ಹೇಳುವಾಗ ದನಿ ಸಣ್ಣದಾಗುತ್ತಿತ್ತು. ಕಾಕಾ ಓಣಿಯಲ್ಲಿ ಬಂದರೆ ತಾಯಂದಿರು ಮಕ್ಕಳ ಮುಖದ ಮೇಲೆ ಸೆರಗು ಎಳೆಯುತ್ತಿದ್ದರು. ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ.

ಒಂದು ಮಾತು ಮಾತ್ರ ನನ್ನ ನೆನಪಿನಲ್ಲೂ ಡೈರಿಯಲ್ಲೂ ಒಂದೇ ತೆರನಾಗಿದೆ. ಬಾದಾಮಿಗೆ ಹೋಗಿ ಗುಡ್ಡದ ಕೆಂಪನ್ನೂ ಹೊಂಡದ ಹಸಿರನ್ನೂ ತರಬೇಕೆಂದು ಅಂಗಡಿಯ ಸಾಹುಕಾರರು ಹೇಳಿದರು. ಪ್ರವಾಸಿಗರು ಕೊಳ್ಳುತ್ತಾರೆ ಎಂದು ಅವರ ಲೆಕ್ಕ. ಕಾಕಾ ಹೋದರು, ದಿನವಿಡೀ ಹೊಂಡದ ಮೆಟ್ಟಿಲ ಮೇಲೆ ಕೂತರು, ಬರಿಗೈಯಲ್ಲಿ ಬಂದರು. ಯಾಕೆ ತರಲಿಲ್ಲ ಎಂದು ಕೇಳಿದೆ.

"ಅದು ಎಲ್ಲಿ ಹೋಗಾಕತ್ತೈತಿ? ಇನ್ನಾ ಭಾಳ ದಿನ ಇರ್ತೈತಿ. ಅದಕ್ಕ ನಮ್ಮ ಎಳಿ ಬೇಕಾಗಿಲ್ಲ," ಎಂದರು.

ಈ ಮಾತಿನ ಅರ್ಥ ಆಗ ನನಗೆ ತಿಳಿಯಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ಕಾಕಾ ಎದುರು ಬಂದು ನಿಂತರು.

"ಕೈ ಕೊಡು ತಂಗಿ."

ಎಡಗೈ ಚಾಚಿದೆ. ಗೋಧಿ ಬಣ್ಣದ ಎಳೆಯೊಂದನ್ನು ಮಣಿಕಟ್ಟಿನ ಮೇಲೆ ಅಡ್ಡ ಇಟ್ಟು ಎಡಗಣ್ಣು ಮುಚ್ಚಿದರು.

"ನನ್ನ ಹೆಸರಿನ ಸೀರಿ ಬರ್ತೈತೇನ್ ಕಾಕಾ?" ಎಂದು ನಕ್ಕೆ.

"ಸೀರಿ ಬರೂದಿಲ್ಲ. ಎಳಿ ಇರ್ತೈತಿ." ಆಮೇಲೆ ಮೆಲ್ಲಗೆ, "ಬಂತು."

ಅವರ ಬೆರಳು ತಣ್ಣಗಿತ್ತು. ಹೆಸರು ಹೇಳಲಿಲ್ಲ, ತಿರುಗಿ ಹೇಳು ಎನ್ನಲಿಲ್ಲ. ಎಳೆಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋದರು.

ಆ ತಿಂಗಳ ಕೊನೆಗೆ ಮಣಿಕಟ್ಟಿನ ಮೇಲಿನ ಬಿಳಿ ಕಲೆಯನ್ನು ಅವ್ವ ನೋಡಿದಳು. ಈಗ ನನ್ನ ಎರಡೂ ಕೈ ಮೊಣಕೈವರೆಗೆ ಬೆಳ್ಳಗಿವೆ, ಕುತ್ತಿಗೆಯೂ. ಬಾಗಲಕೋಟೆಯ ಚರ್ಮದ ಡಾಕ್ಟರು ಚೆನ್ನಾಗಿ ತಿಳಿಸಿ ಹೇಳಿದ್ದಾರೆ: ಇದು ಯಾರಿಂದಲೂ ಬರುವುದಿಲ್ಲ, ಯಾರಿಗೂ ಹತ್ತುವುದಿಲ್ಲ, ಮೈಯೇ ತನ್ನ ಬಣ್ಣವನ್ನು ಕಳೆದುಕೊಳ್ಳುತ್ತದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಇದೇ ಕೈಯಿಂದ ಬೋರ್ಡಿನ ಮೇಲೆ ಬರೆಯುತ್ತೇನೆ. ಹುಡುಗಿಯರು ಮೊದಲ ವಾರ ನೋಡುತ್ತಾರೆ, ಎರಡನೆಯ ವಾರಕ್ಕೆ ಮರೆಯುತ್ತಾರೆ. ಆದರೆ ಆಗ ಡಾಕ್ಟರ ಮಾತು ಯಾರಿಗೂ ಬೇಕಿರಲಿಲ್ಲ. ನನ್ನ ತಂಗಿಗೆ ಹುಬ್ಬಳ್ಳಿಯ ಸಂಬಂಧ ನಿಶ್ಚಯವಾಗಿತ್ತು. ಅಕ್ಕನಿಗೆ ಬಿಳಿ ಕಲೆ ಎಂದರೆ ಮನೆತನದಲ್ಲೇ ಇದೆ ಎನ್ನುತ್ತಾರೆ. ಹೊರಗಿನವರು ಯಾರೋ ಮಾಡಿದ್ದು ಎಂದಾದರೆ ರಕ್ತ ಚೊಕ್ಕ. ಅವ್ವನಿಗೆ ಆ 'ಯಾರೋ' ಒಬ್ಬರು ಬೇಕಿತ್ತು. ಊರು ಮೊದಲೇ ಆರಿಸಿ ಇಟ್ಟಿತ್ತು.

ಅವ್ವ ನನ್ನನ್ನು ಎಳೆದುಕೊಂಡು ಅಂಗಡಿಗೆ ಬಂದಳು. ನೇಕಾರರು ನೆರೆದಿದ್ದರು. "ಗ್ವಾಡಿ ನುಂಗಿದಿ, ಕಮಾನ ನುಂಗಿದಿ. ಈಗ ನನ್ನ ಮಗಳ ಮೈಗಿ ಬಂದಿಯೇನು?" ಎಂದು ಕೂಗಿದಳು. ಕಾಕಾ ಹಂಡೆಯ ಮುಂದಿನಿಂದ ಎದ್ದು ಬಂದು ನಿಂತರು.

ಸಾಹುಕಾರರು ನ್ಯಾಯವಾಗಿಯೇ ಕೇಳಿದರು. "ನೀನ ಹೇಳವ್ವ. ಕಾಕಾ ಎಳಿ ಹಚ್ಚೂಕಿಂತ ಮೊದಲ ಈ ಕಲೆ ಇತ್ತೇನು?"

"ಇರಲಿಲ್ರಿ," ಎಂದೆ.

ಒಂದೇ ಮಾತು. ಕಾಕಾ ನನ್ನ ಮುಖ ನೋಡಲಿಲ್ಲ, ಮಣಿಕಟ್ಟನ್ನು ನೋಡಿದರು. "ಹುಡುಗಿ ಹೇಳಿದ್ದ ಖರೆ ಇರ್ಲಿ ಬಿಡ್ರಿ," ಎಂದು ಟೊಪ್ಪಿಗೆ ಹಾಕಿಕೊಂಡು ಹೊರಗೆ ನಡೆದರು. ಎಳೆಗಳ ತಗಡಿನ ಡಬ್ಬಿಯೊಂದೇ ಕೈಯಲ್ಲಿತ್ತು. ಆಮೇಲೆ ಬಣ್ಣದ ಹಂಡೆ ಮುಟ್ಟಲಿಲ್ಲವಂತೆ. ಚೊಳಚಗುಡ್ಡದ ಮಗಳ ಮನೆಗೆ ಹೋಗಿ, ಬನಶಂಕರಿ ಗುಡಿಯ ದಾರಿಯಲ್ಲಿ ಉಡಿ ತುಂಬಲು ಬೇಕಾಗುವ ಕುಪ್ಪಸದ ಕಣಗಳನ್ನು ಮಾರುತ್ತ ಕೂತರಂತೆ. ಬಾದಾಮಿಗೆ ಎಷ್ಟೋ ಸಲ ಹೋಗಿದ್ದೇನೆ. ಆ ದಾರಿಯಲ್ಲಿ ಇಳಿಯಲಿಲ್ಲ.

ಇಪ್ಪತ್ತು ವರ್ಷ ನನ್ನ ನೆನಪು ಕಾಯ್ದುಕೊಂಡು ಬಂದ ಕ್ರಮ ಇದು: ಮೊದಲು ಎಳೆ, ಆಮೇಲೆ ಕಲೆ. ನೀಲವ್ವನ ಫೋನ್ ಬಂದ ಸಂಜೆ ಹಳೆಯ ಡೈರಿ ತೆಗೆದೆ. ಎಳೆ ಹಚ್ಚಿದ ದಿನ ಸಿಕ್ಕಿತು. ಅದಕ್ಕೆ ನಾಲ್ಕು ದಿನ ಮೊದಲಿನ ಪುಟದ ಕೊನೆಯಲ್ಲಿ ಹೀಗಿತ್ತು: 'ಎಡ ಮಣಿಕಟ್ಟಿನ ಮೇಲೆ ಜೋಳದ ಕಾಳಿನಷ್ಟು ಬಿಳಿ. ಸುಣ್ಣವೆಂದು ತಿಕ್ಕಿ ತೊಳೆದೆ. ಹೋಗಲಿಲ್ಲ. ಅವ್ವನಿಗೆ ಹೇಳಬಾರದು.'

ನನ್ನದೇ ಅಕ್ಷರ. ಆಮೇಲೆ ಎಂದಾದರೂ ಸೇರಿಸಿದ ಸಾಲೇ ಎಂದು ಶಾಯಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಒಂದೇ ಶಾಯಿ. ನೆನಪನ್ನು ನಂಬಬಾರದು ಎಂದು ಪಾಠ ಮಾಡುವವಳು ನಾನು. ಈ ಸಲ ಅದು ನನ್ನನ್ನು ಮೋಸಗೊಳಿಸಿರಲಿಲ್ಲ, ನನ್ನ ಕೆಲಸ ಮಾಡಿಕೊಟ್ಟಿತ್ತು.

ಚೊಳಚಗುಡ್ಡಕ್ಕೆ ಹೋದಾಗ ಒಂಬತ್ತೂವರೆ. ನೀಲವ್ವ ನನಗಿಂತ ಹಿರಿಯಳು, ತಲೆ ಪೂರ್ತಿ ನರೆತಿತ್ತು. ನೀರು ಕೊಟ್ಟಳು. ನನ್ನ ಕೈಗಳನ್ನು ಕದ್ದು ನೋಡಲಿಲ್ಲ, ನೇರವಾಗಿಯೇ ನೋಡಿದಳು.

"ಸ್ವಲ್ಪ ಕುಂದರ್ರಿ. ಡಬ್ಬಿ ಹತ್ತ ಗಂಟೆ ಬಿಸಿಲಿಗಿ ತಗೀಬೇಕಂತ. ಹೇಳಿ ಹೋಗ್ಯಾನ."

ಕಾಯುತ್ತ ಕೂತಾಗ ಅವಳು ಕೇಳದೆಯೇ ಹೇಳಿದಳು. ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆಯುವಾಗ ನೋಡಿದ್ದಂತೆ. "ಅಪ್ಪನ ಕೈ ನಿಮಗ ಗೊತ್ತಲ್ರಿ. ಹಂಡೆ ಬಿಟ್ಟು ಇಪ್ಪತ್ತ ವರ್ಷಾದ್ರೂ ನೀಲಿ ಹೋಗಿರ್ಲಿಲ್ಲ. ಹಿಂದಿನ ದಿನ ನನ್ನ ಕೈಲೆ ಹಾಲ ಕುಡದಾನ, ಆಗೂ ಇತ್ತು. ಎಡಗೈಯಾಗ ಲಿಂಗ ಇಡಾಕಂತ ಬೆರಳ ಬಿಡಿಸಿದ್ರ, ಅಂಗೈ ಬೆಳ್ಳಗ. ಹಡದ ಕೂಸಿನ ಅಂಗೈ ಇರ್ತೈತಲ್ಲ, ಹಂಗ. ಅಯ್ಯನವರೂ ಒಂದ್ ಗಳಿಗಿ ಕೈ ಹಿಂದ ತಗೊಂಡ್ರು."

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ನೀಲವ್ವ ಡಬ್ಬಿಯ ಮುಚ್ಚಳ ತೆಗೆದಳು.

ಒಳಗೆ ಇಪ್ಪತ್ತೋ ಮೂವತ್ತೋ ಚೀಟಿಗಳು, ಪ್ರತಿಯೊಂದಕ್ಕೂ ಸುತ್ತಿದ ಒಂದು ಎಳೆ. ಹಳದಿ ಟಾಕೀಸು. ಕೆಂಪು ಕಮಾನು. ಕರಿ ಬಾವಿ, ಅದನ್ನು ಆಮೇಲೆ ಮುಚ್ಚಿದರು. ನೀಲಿ ಬಂಗ್ಲೆ, ಅದು ಬಿತ್ತು. ಒಂದೂ ಮಾಸಿರಲಿಲ್ಲ. ಇವುಗಳ ಹೆಸರು ಹೇಳುವ ಜನ ಇನ್ನೂ ಇದ್ದಾರೆ, ಆದರೆ ಬಣ್ಣ ಉಳಿದದ್ದು ಈ ಡಬ್ಬಿಯಲ್ಲಿ ಮಾತ್ರ. ಬಣ್ಣ ಹೋಗುವುದಕ್ಕೆ ಮೊದಲೇ ಅದು ಹೋಗಲಿದೆ ಎಂದು ಕಾಣುವ ಕಣ್ಣೊಂದು ಕಾಕಾನಿಗೆ ಇದ್ದಿರಬೇಕು. ಅದು ತಿಳಿದಾಗ ಸಮಾಧಾನವಾಗಬೇಕಿತ್ತು. ನನಗೆ ಹೆದರಿಕೆ ಹೆಚ್ಚಾಯಿತು. ಎಲ್ಲಕ್ಕಿಂತ ಮೇಲೆ, ಹೆಸರು ಬರೆಯದ ಖಾಲಿ ಚೀಟಿಗೆ ಸುತ್ತಿದ ಒಂದು ಎಳೆಯಿತ್ತು. ಕಪ್ಪಿಗೆ ಹತ್ತಿರದ ನೀಲಿ. ನಾವಿಬ್ಬರೂ ಅದನ್ನು ಮುಟ್ಟಲಿಲ್ಲ.

ನನ್ನ ಚೀಟಿ ತಳದಲ್ಲಿತ್ತು. ಗೋಧಿ ಬಣ್ಣದ ಎಳೆ. ನನ್ನ ಮೈಯ ಬಣ್ಣ ಹೇಗಿತ್ತೆಂದು ನಾನು ಮರೆತಿದ್ದೆ.

"ಮ್ಯಾಲ ನಿಮ್ಮ ಹೆಸರ ಐತಿ, ಅಷ್ಟ ತಿಳೀತು. ಹಿಂದ ಏನೋ ಬರದಾನ, ಯಾರಿಗೂ ಹತ್ತವಲ್ದು. ಅವನ ಅಕ್ಷರ ನಿಮಗೊಬ್ರಿಗೆ ತಿಳಿತಿತ್ತಂತಲ್ರಿ. ಓದ್ರಿ," ಎಂದಳು ನೀಲವ್ವ.

ಚೀಟಿ ತಿರುಗಿಸಿದೆ. ಏನು ಬೇಕಾದರೂ ಓದಿ ಹೇಳಬಹುದಿತ್ತು. ಇದ್ದದ್ದನ್ನೇ ಓದಿದೆ:

"'ಕಲೆ ಬಂದೈತಿ, ಜ್ವಾಳದ ಕಾಳಿನಷ್ಟ. ಹುಡುಗಿಗಿ ಗೊತ್ತಿಲ್ಲ. ಗೊತ್ತಾಗೂದ್ರಾಗ ಬಣ್ಣ ಹಿಡದ ಇಟ್ಟೇನಿ.'"

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಅಪ್ಪ ಮಾಡಿದ್ದಲ್ಲ. ಈ ಚೀಟಿ ತೋರಿಸಿದ್ರ ಮುಗೀತಿತ್ತು. ತೋರಿಸ್ಲಿಲ್ಲ ನೋಡ್ರಿ ಮುದುಕ." ನನ್ನ ಕೈ ಹಿಡಿದುಕೊಂಡಳು. "ಇಷ್ಟ ವರ್ಷ ನಿಮಗ ಭಾಳ ಬೈದೇನ್ರಿ ನಾ. ನಿಮ್ದೂ ತಪ್ಪಿಲ್ಲ ಬಿಡ್ರಿ. ಪಾಪ, ನಿಮಗರೆ ಎಲ್ಲಿ ಗೊತ್ತಿತ್ತು?"

ಅವಳ ಅಂಗೈ ಬೆಚ್ಚಗಿತ್ತು. ಅಷ್ಟರಲ್ಲೇ ಎದ್ದು ಬರಬಹುದಿತ್ತು. ಹತ್ತೂವರೆಗೆ ಬಸ್ಸೂ ಇತ್ತು.

ಕೈ ಬಿಡಿಸಿಕೊಂಡು ಚೀಲದಿಂದ ಪೆನ್ನು ತೆಗೆದೆ. ಕಾಕಾನ ಸಿಕ್ಕು ಅಕ್ಷರದ ನಡುವೆ 'ಗೊತ್ತಿಲ್ಲ' ಎಂಬುದನ್ನು ಹುಡುಕಿ, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ಬರೆದೆ. ಚೀಟಿಯನ್ನು ಎಳೆಯ ಸಮೇತ ಅವಳ ಕೈಗೆ ಕೊಡುತ್ತ, ಅಂಗಡಿಯ ಬಾಗಿಲಲ್ಲಿ ಕಾಕಾ ಹೇಳುತ್ತಿದ್ದ ಹಾಗೆ ಗಟ್ಟಿಯಾಗಿ ಹೇಳಿದೆ:

"ಹುಡುಗಿಗಿ ಗೊತ್ತಿತ್ತು."

ನೀಲವ್ವ ಚೀಟಿ ನೋಡಿದಳು, ನನ್ನ ಬಿಳಿ ಕೈ ನೋಡಿದಳು, ಮುಖ ನೋಡಿದಳು. ಬಿಸಿಲು ಡಬ್ಬಿಯಿಂದ ಜರುಗಿ ನಮ್ಮಿಬ್ಬರ ನಡುವೆ ಬಿದ್ದಿತ್ತು. ಹೊರಗೆ ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ಹೋಯಿತು. ಅವಳು ಅತ್ತಳೆಂದೋ, ಬೈದಳೆಂದೋ ಬರೆಯಬಹುದಿತ್ತು, ಎರಡೂ ಆಗಲಿಲ್ಲ. ಅಪ್ಪನ ಮನೆಯಲ್ಲಿ ಬೆಳೆದ ಮಗಳು. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಲಡಿ ಪಡೆದವರಂತೆ ನೆಟ್ಟಗೆ ಕೂತು, ತಿರುಗಿ ಹೇಳಿದಳು:

"ಹುಡುಗಿಗಿ ಗೊತ್ತಿತ್ತು."